ಹವಾಮಾನ ಬದಲಾವಣೆ: ಜನರ ರೂಢಿ ಬದಲಿಸುವುದು ಹೇಗೆ?

‘ಪರಿಸರ ಉಳಿಸಿ’ ಎಂದಷ್ಟೇ ಹೇಳಿದರೆ ಯಾರೂ ಕದಲುವುದಿಲ್ಲ. ಮಾಡಬೇಕಾದ್ದೇನು ಎಂಬುದೇ ಅದರಲ್ಲಿಲ್ಲ. ಒಂದೇ ಒಂದು ಕೆಲಸ ಆರಿಸಿ, ಅದೂ ಇಂಗಾಲದ ಹೊರಸೂಸುವಿಕೆಯನ್ನು ನಿಜಕ್ಕೂ ತಗ್ಗಿಸುವಂಥದ್ದು: ಒಬ್ಬರೇ ಕಾರು ಓಡಿಸುವ ಬದಲು ಬಸ್ಸು ಹಿಡಿಯುವುದು, ಎಸಿಯನ್ನು ಎರಡು ಡಿಗ್ರಿ ಏರಿಸಿಡುವುದು. ಪ್ಲಾಸ್ಟಿಕ್ ಸ್ಟ್ರಾ ಬಿಡಿಸುವಂಥ, ಇಂಗಾಲವನ್ನು ಅಷ್ಟೇನೂ ತಗ್ಗಿಸದ ಕೆಲಸದಲ್ಲಿ ಶಕ್ತಿ ಸವೆಸಬೇಡಿ.

ಆಮೇಲೆ ಅಡ್ಡಿ ಏನೆಂದು ಕೇಳಿ ತಿಳಿಯಿರಿ. ಬಸ್ಸಿನ ವೇಳೆಯೇ ಗೊತ್ತಿಲ್ಲದವರಿಗೆ ಹಿಮನದಿ ಕರಗುವ ಚಿತ್ರ ತೋರಿಸಿ ಫಲವಿಲ್ಲ, ವೇಳಾಪಟ್ಟಿ ಕೊಡಿ.

ಉಳಿದವರೂ ಮಾಡುತ್ತಿದ್ದಾರೆ ಎಂಬ ಮಾತಿಗೆ ಬಲ ಹೆಚ್ಚು. 2008ರಲ್ಲಿ ಪ್ರಕಟವಾದ ಅಮೆರಿಕದ ಹೋಟೆಲ್ ಪ್ರಯೋಗವೊಂದರಲ್ಲಿ, ಪರಿಸರಕ್ಕಾಗಿ ಟವೆಲ್ ಮರುಬಳಸಿ ಎಂದಾಗ ಒಪ್ಪಿದವರು ಸುಮಾರು ಶೇ 35; ಹೆಚ್ಚಿನ ಅತಿಥಿಗಳು ಮರುಬಳಸುತ್ತಾರೆ ಎಂದಾಗ ಶೇ 44. ನೀವು ಹೇಳುವ ಅಂಕಿ ಮಾತ್ರ ನಿಜವಾಗಿರಬೇಕು. ಎಡವುವುದು ಇಲ್ಲೇ: ಬಡಾವಣೆಯ ಸರಾಸರಿ ವಿದ್ಯುತ್ ಬಳಕೆ ತಿಳಿಸಿದರೆ, ಅದಕ್ಕಿಂತ ಕಡಿಮೆ ಬಳಸುತ್ತಿದ್ದವರು ಸಡಿಲಬಿಟ್ಟು ಹೆಚ್ಚಿಸಿಬಿಡಬಹುದು. ಕ್ಯಾಲಿಫೋರ್ನಿಯಾದಲ್ಲಿ ಮನೆಮನೆಗೆ ಇಂಥ ಸರಾಸರಿ ಬರೆದ ಚೀಟಿ ಕೊಟ್ಟ ಪ್ರಯೋಗದಲ್ಲಿ ಹಾಗೇ ಆಯಿತು. ಅಂಥವರ ಚೀಟಿಯಲ್ಲಿ ಮೆಚ್ಚುಗೆಯ ನಗುಮುಖವೊಂದನ್ನು ಬರೆದಾಗ ಆ ಏರಿಕೆ ಕಾಣಲಿಲ್ಲ. ಹಾಗಾಗಿ ಹೋಲಿಕೆಯ ಜೊತೆ ಮೆಚ್ಚುಗೆ ಇರಲೇಬೇಕು.

‘ಪ್ರಯತ್ನಿಸುತ್ತೇನೆ’ ಎಂಬ ಮಾತು ಸಾಲದು. ಯಾವ ದಿನ, ಎಷ್ಟು ಗಂಟೆಗೆ, ಯಾವ ಬಸ್ಸು ಎಂದು ಅವರ ಕೈಯಲ್ಲೇ ಬರೆಸಿ. ಎರಡು ವಾರದ ಬಳಿಕ ಹೋಗಿ ವಿಚಾರಿಸಿ.