ಮಳೆಗಾಲದಿಂದ ಮಳೆಗಾಲಕ್ಕೆ: ವಿಶ್ವವಿದ್ಯಾಲಯದ ಗ್ರಂಥಾಲಯದ ಒಂದು ವರ್ಷವನ್ನು ಯೋಜಿಸುವ ಬಗೆ

ನಮ್ಮ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಲ್ಲಿ ವರ್ಷವೆಂದರೆ ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಅವಧಿ. ಅನುದಾನ ಕೈಸೇರುವುದು, ಖರೀದಿ ಸಮಿತಿ ಸಭೆ ಸೇರುವುದು, ಬಿಲ್ಲುಗಳು ಪಾಸಾಗುವುದು ಎಲ್ಲವೂ ಆ ಲೆಕ್ಕದಲ್ಲೇ ನಡೆಯುತ್ತವೆ. ಕಪಾಟಿನಲ್ಲಿರುವ ಪುಸ್ತಕಕ್ಕಾದರೋ ಹಣಕಾಸು ವರ್ಷ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಮಳೆ ಮತ್ತು ಬಿಸಿಲು. ಸಂರಕ್ಷಣೆ, ಸಂಗ್ರಹ, ವಿದ್ಯಾರ್ಥಿಗಳ ಒಡನಾಟ ಎಂಬ ಮೂರು ಕೆಲಸಗಳನ್ನು ಮೂರು ಬೇರೆ ಕಡತಗಳಲ್ಲಿ ಇಡದೆ, ಮಳೆಯ ಲೆಕ್ಕದ ಒಂದೇ ವರ್ಷದೊಳಗೆ ಹೆಣೆದುಕೊಂಡರೆ ಸಿಬ್ಬಂದಿ ಕಡಿಮೆಯಿದ್ದರೂ ಕೆಲಸ ಸಾಗುತ್ತದೆ. ಆದ್ದರಿಂದ ಇಲ್ಲಿ ವರ್ಷವು ಮೇ ತಿಂಗಳ ಕೊನೆಯಲ್ಲಿ ಆರಂಭವಾಗುತ್ತದೆ.

ಇದು ಹೊಸ ಆಲೋಚನೆಯೇನೂ ಅಲ್ಲ. ದಿಗಂಬರ ಜೈನರು ಜ್ಯೇಷ್ಠ ಶುದ್ಧ ಪಂಚಮಿಯಂದು ಶ್ರುತಪಂಚಮಿಯನ್ನು ಆಚರಿಸುತ್ತಾರೆ. ಪುಷ್ಪದಂತ ಮತ್ತು ಭೂತಬಲಿ ಆಚಾರ್ಯರು ಷಟ್ಖಂಡಾಗಮವೆಂಬ ಜೈನ ಆಗಮಗ್ರಂಥವನ್ನು ಬರಹಕ್ಕಿಳಿಸಿ ಮುಗಿಸಿದ್ದರ ನೆನಪಿನ ಹಬ್ಬ ಅದು. ಅಂದು ಶಾಸ್ತ್ರಭಂಡಾರದ ಗ್ರಂಥಗಳನ್ನು ಹೊರತೆಗೆದು, ದೂಳು ಒರೆಸಿ, ಬಟ್ಟೆ ಬದಲಿಸಿ ಮತ್ತೆ ಕಟ್ಟಿಡುವ ರೂಢಿಯಿದೆ. ಈ ತಿಥಿ ಬರುವುದು ಸರಿಯಾಗಿ ಮುಂಗಾರಿನ ಹೊಸ್ತಿಲಲ್ಲಿ. ಅದೇ ಷಟ್ಖಂಡಾಗಮದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಎಡೆಬಿಡದೆ ಮಳೆ ಸುರಿಯುವ ಮೂಡುಬಿದಿರೆಯಲ್ಲಿ ಶತಮಾನಗಳ ಕಾಲ ಉಳಿದುಬಂದಿವೆ ಎಂಬುದನ್ನು ನೆನೆದರೆ, ಹಬ್ಬದ ದಿನವನ್ನು ಗೊತ್ತುಮಾಡಿದವರಿಗೆ ಹವಾಮಾನದ ತಿಳಿವಳಿಕೆಯೂ ಇತ್ತೆಂದು ಅನ್ನಿಸದಿರದು.

ಮಳೆಗೆ ಮುನ್ನ

ಮೇ ತಿಂಗಳಲ್ಲಿ ಮೊದಲು ನೋಡಬೇಕಾದದ್ದು ಪುಸ್ತಕಗಳನ್ನಲ್ಲ, ಕಟ್ಟಡವನ್ನು. ತಾರಸಿಯ ಮೇಲೆ ಬಿದ್ದ ಎಲೆ ಕಸವನ್ನು ಗುಡಿಸಿ, ನೀರು ಇಳಿಯುವ ಪೈಪುಗಳ ಬಾಯಿಯನ್ನು ಬಿಡಿಸಿ, ಒಂದೆರಡು ಕೊಡ ನೀರು ಸುರಿದು ಅದು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕಣ್ಣಾರೆ ಕಾಣಬೇಕು. ಇದನ್ನು ಎಂಜಿನಿಯರಿಂಗ್ ವಿಭಾಗಕ್ಕೆ ಪತ್ರ ಬರೆದು ಬಿಟ್ಟುಬಿಡಬಾರದು. ಗ್ರಂಥಪಾಲಕರೇ ತಾರಸಿ ಹತ್ತಬೇಕು. ಅನಂತರ ಒಳಗೆ ಬಂದು, ಕಪಾಟಿನ ಕೆಳಗಿನ ಹಲಗೆ ನೆಲದಿಂದ ಕನಿಷ್ಠ 15 ಸೆಂಟಿಮೀಟರ್ ಮೇಲಿದೆಯೇ, ಹೊರಗೋಡೆಗೂ ಕಪಾಟಿನ ಬೆನ್ನಿಗೂ ನಡುವೆ ಒಂದು ಗೇಣಿನ ಅಂತರವಿದೆಯೇ ಎಂದು ನೋಡಬೇಕು. ಗೋಡೆಗೆ ಒತ್ತಿ ನಿಲ್ಲಿಸಿದ ಕಪಾಟಿನ ಹಿಂದೆ ಗಾಳಿ ಆಡುವುದಿಲ್ಲ, ಗೆದ್ದಲು ಕಣ್ಣಿಗೆ ಬೀಳುವುದಿಲ್ಲ.

ಅಪರೂಪದ ಪುಸ್ತಕಗಳ ಕೋಣೆಯಲ್ಲಿ ತಾಪವನ್ನೂ ತೇವಾಂಶವನ್ನೂ ತೋರಿಸುವ ಪುಟ್ಟ ಮಾಪಕವೊಂದನ್ನು ಇಟ್ಟು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಂಕಿಗಳನ್ನು ವಹಿಯಲ್ಲಿ ಬರೆಯಿರಿ. ಕಾಗದಕ್ಕೆ 20ರಿಂದ 25 ಡಿಗ್ರಿ ಸೆಲ್ಸಿಯಸ್ ತಾಪವೂ ಶೇ 45ರಿಂದ 55ರ ಸಾಪೇಕ್ಷ ತೇವಾಂಶವೂ ಹಿತ. ಮಂಗಳೂರು ವಿಶ್ವವಿದ್ಯಾಲಯವಿರುವ ಕೊಣಾಜೆಯಲ್ಲೋ ಕುವೆಂಪು ವಿಶ್ವವಿದ್ಯಾಲಯವಿರುವ ಶಂಕರಘಟ್ಟದಲ್ಲೋ ಜುಲೈ ತಿಂಗಳಲ್ಲಿ ಈ ಅಂಕಿಯನ್ನು ಯಂತ್ರಗಳ ನೆರವಿಲ್ಲದೆ ಮುಟ್ಟುವುದು ಆಗದ ಮಾತು. ಆದರೆ ಶೇ 65ನ್ನು ದಾಟಿ ದಿನಗಟ್ಟಲೆ ನಿಂತರೆ ಬೂಷ್ಟು ಹಿಡಿಯುವುದರಿಂದ, ಆ ಗೆರೆಯನ್ನಾದರೂ ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಕಲಬುರಗಿಯ ಕಡೆಯವರ ಚಿಂತೆ ಬೇರೆ. ಅಲ್ಲಿ ಬೇಸಿಗೆಯ ಒಣಗಾಳಿಯೂ ದೂಳೂ ಕಾಗದವನ್ನು ಹಪ್ಪಳದಂತೆ ಮಾಡುತ್ತವೆ. ಹಗಲೆಲ್ಲ ಹವಾನಿಯಂತ್ರಣ ಹಾಕಿ ಸಂಜೆ ಐದೂವರೆಗೆ ಆರಿಸಿ ಬೀಗ ಹಾಕುವ ಪದ್ಧತಿ ಎರಡೂ ಕಡೆ ಕೆಟ್ಟದ್ದು, ಏಕೆಂದರೆ ದಿನವೂ ಹಿಗ್ಗಿ ಕುಗ್ಗುವ ಕಾಗದವು ಒಂದೇ ಸಮನಾದ ಸೆಕೆಯಲ್ಲಿರುವ ಕಾಗದಕ್ಕಿಂತ ಬೇಗ ಸವೆಯುತ್ತದೆ. ರಾತ್ರಿಯೂ ನಡೆಸಲಾಗದಿದ್ದರೆ ಫ್ಯಾನು, ಕಿಟಕಿಗಳನ್ನೇ ನೆಚ್ಚಿಕೊಳ್ಳುವುದು ಲೇಸು.

ಮಳೆಯ ತಿಂಗಳುಗಳು

ಬೂಷ್ಟು ಹಿಡಿದ ಪುಸ್ತಕವನ್ನು ಕಂಡ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸುವವರಿದ್ದಾರೆ. ಅದು ಬೂಷ್ಟಿಗೆ ನೀರೆರೆದಂತೆ. ಮೊದಲು ಆ ಪುಸ್ತಕವನ್ನು ಉಳಿದವುಗಳಿಂದ ಬೇರ್ಪಡಿಸಿ, ಗಾಳಿಯಾಡುವ ಒಣ ಕೋಣೆಯಲ್ಲಿ ಪುಟಗಳನ್ನು ತುಸು ಬಿಡಿಸಿ ನಿಲ್ಲಿಸಿ, ಬೂಷ್ಟು ಒಣಗಿ ಪುಡಿಯಾದ ಮೇಲೆ ಮೆತ್ತನೆಯ ಬ್ರಷ್‌ನಿಂದ ಹೊರಮುಖವಾಗಿ ಉದುರಿಸಬೇಕು. ಈ ಕೆಲಸ ಮಾಡುವವರಿಗೆ ಎನ್-95 ಮುಖಗವಸು ಮತ್ತು ಕೈಗವಸು ಕಡ್ಡಾಯ. ಬೂಷ್ಟಿನ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ, ಮತ್ತು ದಿನಗೂಲಿ ನೌಕರರ ಶ್ವಾಸಕೋಶ ಕಾಯಂ ನೌಕರರದಕ್ಕಿಂತ ಗಟ್ಟಿಯಾಗಿರುವುದೂ ಇಲ್ಲ. ನುಸಿಗುಳಿಗೆಯನ್ನು ಕಪಾಟಿನ ಮೂಲೆಮೂಲೆಗೂ ಸುರಿದು ನಿಶ್ಚಿಂತರಾಗುವ ಅಭ್ಯಾಸವನ್ನು ಬಿಡುವುದೇ ಮೇಲು. ಅದು ಬೂಷ್ಟನ್ನು ತಡೆಯುವುದಿಲ್ಲ, ಓದುಗರಿಗೆ ತಲೆನೋವು ತರುತ್ತದೆ.

ನೀರು ನುಗ್ಗಿದರೆ ನಿಮಗೆ ಸಿಗುವ ಕಾಲಾವಕಾಶ ಸುಮಾರು 48 ಗಂಟೆ. ಅಷ್ಟರೊಳಗೆ ಒಣಗದ ಪುಸ್ತಕದಲ್ಲಿ ಬೂಷ್ಟು ಮೊಳೆಯತೊಡಗುತ್ತದೆ. ಸ್ವಲ್ಪ ನೆನೆದವನ್ನು ನಿಲ್ಲಿಸಿ, ಪುಟಗಳ ನಡುನಡುವೆ ಹೀರುಕಾಗದವಿಟ್ಟು, ಫ್ಯಾನಿನ ಗಾಳಿಗೆ ಒಡ್ಡಬೇಕು. ಬಿಸಿಲಿಗೆ ಹಾಕಬಾರದು, ಹಾಕಿದರೆ ರಟ್ಟು ಸೊಟ್ಟಗಾಗಿ ಪುಟಗಳು ಅಲೆಅಲೆಯಾಗುತ್ತವೆ. ನುಣುಪು ಲೇಪದ ಆರ್ಟ್ ಪೇಪರಿನ ಪುಸ್ತಕಗಳು ಒಣಗುವಾಗ ಇಟ್ಟಿಗೆಯಂತೆ ಅಂಟಿಕೊಳ್ಳುವುದರಿಂದ ಅವುಗಳಿಗೆ ಮೊದಲ ಸರದಿ. ನೂರಾರು ಪುಸ್ತಕಗಳು ಪೂರ್ತಿ ತೊಯ್ದಿದ್ದರೆ ಅವನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಶೂನ್ಯಕ್ಕಿಂತ 18 ಡಿಗ್ರಿ ಕೆಳಗಿನ ಶೀತದಲ್ಲಿಟ್ಟು, ಬಿಡುವಾದಾಗ ಕೆಲವು ಕೆಲವಾಗಿ ಹೊರತೆಗೆದು ಒಣಗಿಸಬಹುದು. ಅಂಥ ಶೀತಗೃಹ ಎಲ್ಲಿದೆ ಎಂಬುದನ್ನು ಮೇ ತಿಂಗಳಲ್ಲೇ ವಿಚಾರಿಸಿಟ್ಟುಕೊಳ್ಳಿ. ಕರಾವಳಿಯಲ್ಲಿ ಮೀನಿನ ಶೀತಗೃಹಗಳಿವೆ, ಒಳನಾಡಿನಲ್ಲಿ ತರಕಾರಿ, ಐಸ್‌ಕ್ರೀಮಿನವು. ಪುಸ್ತಕಕ್ಕೆ ಮೀನಿನ ವಾಸನೆ ಹತ್ತೀತೆಂಬ ಸಂಕೋಚ ಆ ಹೊತ್ತಿನಲ್ಲಿ ಬೇಡ.

ಹೊಸ ವಿದ್ಯಾರ್ಥಿಗಳು ಬಂದಾಗ

ಹೊಸ ತಂಡಗಳು ಬಂದು ಸೇರುವುದು ಸಾಮಾನ್ಯವಾಗಿ ಮಳೆ ಇನ್ನೂ ಹನಿಯುತ್ತಿರುವಾಗ. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ನೆನಪಿಗೆ ಆಗಸ್ಟ್ 12ರಂದು ಗ್ರಂಥಪಾಲಕರ ದಿನವನ್ನು ಆಚರಿಸುತ್ತೇವೆ. ಅಂದು ಭಾವಚಿತ್ರಕ್ಕೆ ಹಾರ ಹಾಕಿ ಮುಗಿಸುವ ಬದಲು, 1931ರಲ್ಲಿ ಅವರು ಮುಂದಿಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದನ್ನು, ಎಂದರೆ ಓದುಗರ ಸಮಯ ಉಳಿಸಬೇಕೆಂಬುದನ್ನು, ಪರೀಕ್ಷಿಸಿ ನೋಡಿ. ಹೊಸ ವಿದ್ಯಾರ್ಥಿಯೊಬ್ಬರ ಕೈಗೆ ಒಂದು ಶೀರ್ಷಿಕೆ ಕೊಟ್ಟು, ಯಾರನ್ನೂ ಕೇಳದೆ ಅದನ್ನು ಹುಡುಕಿ ತರಲು ಎಷ್ಟು ನಿಮಿಷ ಬೇಕಾಯಿತು, ಎಲ್ಲಿ ದಾರಿ ತಪ್ಪಿತು ಎಂದು ಬರೆದುಕೊಳ್ಳಿ. ಹತ್ತು ಮಂದಿಯನ್ನು ಹೀಗೆ ಕಳಿಸಿದರೆ ನಿಮ್ಮ ಫಲಕಗಳಲ್ಲಿಯೂ ಗಣಕೀಕೃತ ಸೂಚಿಯಲ್ಲಿಯೂ ಏನು ತಪ್ಪಿದೆಯೆಂದು ಯಾವ ಸಮೀಕ್ಷೆಗಿಂತಲೂ ಚೆನ್ನಾಗಿ ತಿಳಿಯುತ್ತದೆ. ಕನ್ನಡ ಪುಸ್ತಕಗಳ ವಿಷಯದಲ್ಲಂತೂ ಸೋಲು ಖಚಿತ, ಏಕೆಂದರೆ ಅನೇಕ ಕಡೆ ಶೀರ್ಷಿಕೆಗಳನ್ನು ರೋಮನ್ ಲಿಪಿಯಲ್ಲಿ ಒಬ್ಬೊಬ್ಬರು ಒಂದೊಂದು ಕಾಗುಣಿತದಲ್ಲಿ ನಮೂದಿಸಿದ್ದಾರೆ. ಕನ್ನಡ ಲಿಪಿಯಲ್ಲಿ, ಯೂನಿಕೋಡ್‌ನಲ್ಲಿ, ಶೀರ್ಷಿಕೆ ಮತ್ತು ಲೇಖಕರ ಹೆಸರನ್ನು ಸೇರಿಸುವ ಕೆಲಸವನ್ನು ವರ್ಷಕ್ಕೆ ಒಂದು ವಿಭಾಗದಂತೆಯಾದರೂ ಮಾಡಿ ಮುಗಿಸಬೇಕು.

ವಾಚನಾಲಯವನ್ನು ತುಂಬುವವರು ಬಹುಪಾಲು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವವರು. ಅವರು ತಮ್ಮದೇ ಪುಸ್ತಕ ತಂದು, ಬೆಳಿಗ್ಗೆ ಜಾಗ ಹಿಡಿದು, ರಾತ್ರಿ ಎದ್ದು ಹೋಗುತ್ತಾರೆ. ಗ್ರಂಥಾಲಯದ ಪುಸ್ತಕ ಮುಟ್ಟುವುದಿಲ್ಲ ಎಂಬ ದೂರು ಎಲ್ಲೆಡೆ ಇದೆ. ನನಗೆ ಈ ದೂರು ಅಷ್ಟಾಗಿ ಒಪ್ಪಿಗೆಯಿಲ್ಲ. ಮನೆಯಲ್ಲಿ ಮೇಜೂ ಮೌನವೂ ಇಲ್ಲದವರಿಗೆ ಅವೆರಡನ್ನು ಕೊಡುವುದೂ ಗ್ರಂಥಾಲಯದ ಸೇವೆಯೇ. ಅವರ ಮೇಜಿನ ಪಕ್ಕದಲ್ಲೇ ಜಿಲ್ಲಾ ಗ್ಯಾಸೆಟಿಯರ್‌ಗಳನ್ನೂ ರಾಜ್ಯದ ಆರ್ಥಿಕ ಸಮೀಕ್ಷೆಗಳನ್ನೂ ಇಟ್ಟರೆ ಅವರ ಕೈ ತಾನಾಗಿಯೇ ಅತ್ತ ಹೋಗುತ್ತದೆ.

ಸಂಶೋಧನಾ ವಿದ್ಯಾರ್ಥಿಗಳಿಗೆ ಪ್ರತ್ಯೇಕ ತರಗತಿ ಬೇಕು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ ಮಹಾಪ್ರಬಂಧಗಳ ಅಂತರಜಾಲ ಭಂಡಾರವಾದ ಶೋಧಗಂಗಾದಲ್ಲಿ ತಮ್ಮ ವಿಷಯದ ಮೇಲೆ ಈಗಾಗಲೇ ಬಂದಿರುವ ಮಹಾಪ್ರಬಂಧಗಳನ್ನು ಹುಡುಕುವುದು ಹೇಗೆ ಎಂಬುದರಿಂದ ಆರಂಭಿಸಿ. 2025ರ ಜನವರಿಯಿಂದ ಜಾರಿಗೆ ಬಂದಿರುವ ಒಂದು ರಾಷ್ಟ್ರ ಒಂದು ಚಂದಾ ಯೋಜನೆಯಿಂದ ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಾವಿರಾರು ವಿದ್ವತ್ ಪತ್ರಿಕೆಗಳು ತೆರೆದಿವೆ. ಈ ಸಂಗತಿ ತಿಳಿಯದೆ ಪರಿಚಿತರ ಮೂಲಕ ಲೇಖನಗಳನ್ನು ತರಿಸಿಕೊಳ್ಳುವವರು ಈಗಲೂ ಇದ್ದಾರೆ.

ದಸರೆಯ ಆಚೆಗೆ

ಸರಸ್ವತಿ ಪೂಜೆಯ ದಿನ ಪುಸ್ತಕವನ್ನು ಓದಬಾರದೆಂದು ನಮ್ಮ ಮನೆಗಳಲ್ಲಿ ಹೇಳುತ್ತಿದ್ದರು. ಓದದೆ ಇರುವ ಆ ಹೊತ್ತು ಪುಸ್ತಕವನ್ನು ವಸ್ತುವಾಗಿ ನೋಡಲು ಒಳ್ಳೆಯ ಹೊತ್ತು. ಮಳೆ ಹಿಂದೆ ಸರಿದು ಗಾಳಿ ಒಣಗಿರುವ ಅಕ್ಟೋಬರ್ ಕೊನೆಯಿಂದ ಫೆಬ್ರುವರಿವರೆಗೆ ದುರಸ್ತಿಯ ಕಾಲ.

ಮೊದಲನೆಯ ನಿಯಮವೆಂದರೆ ಸೆಲ್ಲೋ ಟೇಪನ್ನು ಗ್ರಂಥಾಲಯದಿಂದ ಗಡೀಪಾರು ಮಾಡುವುದು. ಅದರ ಅಂಟು ಕೆಲವೇ ವರ್ಷಗಳಲ್ಲಿ ಹಳದಿಯಾಗಿ ಕಾಗದದೊಳಕ್ಕೆ ಇಳಿಯುತ್ತದೆ, ಟೇಪು ಕಳಚಿ ಬೀಳುತ್ತದೆ, ಕಲೆ ಮಾತ್ರ ಶಾಶ್ವತ. ಹರಿದ ಪುಟಕ್ಕೆ ತೆಳುವಾದ ಜಪಾನಿ ಟಿಶ್ಯೂ ಕಾಗದವನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಬೇಕು. ಬೇಕೆಂದಾಗ ನೀರು ತಾಗಿಸಿ ಅದನ್ನು ಬಿಡಿಸಬಹುದು. ಮಾಡಿದ್ದನ್ನು ಹಿಂದೆಗೆಯಲು ಬರುವಂತಿರಬೇಕು ಎಂಬುದು ಈ ಕಸುಬಿನ ಮೊದಲ ಪಾಠ. ಅಪರೂಪದ ಹಾಳೆಗಳನ್ನು ಪ್ಲಾಸ್ಟಿಕ್ ಲ್ಯಾಮಿನೇಶನ್ ಮಾಡಿಸುವುದೂ ಇದೇ ಕಾರಣಕ್ಕೆ ತಪ್ಪು.

ತಾಳೆಗರಿಗಳಿದ್ದರೆ ಅವಕ್ಕೆ ಬೇರೆ ಉಪಚಾರ. ದೂಳನ್ನು ಮೆತ್ತನೆಯ ಬ್ರಷ್‌ನಿಂದ ತೆಗೆದು, ಕಂಠವೆಂಬ ಲೋಹದ ಮೊನೆಯಿಂದ ಕೊರೆದ ಅಕ್ಷರಗಳು ಮಸುಕಾಗಿದ್ದರೆ ದೀಪದ ಮಸಿಯನ್ನು ಸವರಿ ಒರೆಸಿ, ಗರಿ ಬಿರುಸಾಗಿದ್ದರೆ ಮಜ್ಜಿಗೆ ಹುಲ್ಲಿನ ಎಣ್ಣೆಯನ್ನು ಬಹಳ ತೆಳುವಾಗಿ ಲೇಪಿಸುವುದು ರೂಢಿ. ಕೊರೆಯದೆ ಶಾಯಿಯಲ್ಲಿ ಬರೆದ ಗರಿಗೆ ಇದನ್ನು ಮಾಡಿದರೆ ಬರಹವೇ ಅಳಿಸಿಹೋದೀತು, ಹಾಗಾಗಿ ತರಬೇತಿಯಿಲ್ಲದವರು ಕೈಹಾಕಬಾರದು. ಎಣ್ಣೆಯಿಂದ ಕಾಪಾಡು, ನೀರಿನಿಂದ ಕಾಪಾಡು, ಸಡಿಲವಾದ ಕಟ್ಟಿನಿಂದ ಕಾಪಾಡು, ಮೂರ್ಖರ ಕೈಗೆ ಕೊಡಬೇಡ ಎಂದು ಪುಸ್ತಕವೇ ಬೇಡಿಕೊಳ್ಳುವಂತೆ ಲಿಪಿಕಾರರು ಹಸ್ತಪ್ರತಿಗಳ ಕೊನೆಯಲ್ಲಿ ಬರೆಯುತ್ತಿದ್ದ ಶ್ಲೋಕದಲ್ಲಿ ಎಣ್ಣೆಗೇ ಮೊದಲ ಸ್ಥಾನ ದೊರೆತಿದೆಯಲ್ಲ! ಬಟ್ಟೆಗೆ ಹುಣಸೆಬೀಜದ ಅಂಟು ಮತ್ತು ಇದ್ದಿಲ ಪುಡಿಯನ್ನು ಲೇಪಿಸಿ, ಬಳಪದಿಂದ ಬರೆದು ಮಡಿಸಿಡುತ್ತಿದ್ದ ಹಳೆಯ ಕಡತಗಳು ನಿಮ್ಮಲ್ಲಿದ್ದರೆ ಅವನ್ನು ಒರೆಸಲೇಬೇಡಿ. ಬಳಪದ ಬರಹ ಬೆರಳು ತಾಗಿದರೂ ಅಳಿಯುತ್ತದೆ, ಹುಣಸೆಯ ಅಂಟೋ ಹುಳುಗಳಿಗೆ ಔತಣ.

ಸ್ಕ್ಯಾನಿಂಗ್ ಕೂಡ ಇದೇ ತಿಂಗಳುಗಳ ಕೆಲಸ. ಯಾವುದನ್ನು ಮೊದಲು ಮಾಡಬೇಕೆಂಬುದು ಇಲ್ಲಿನ ಮುಖ್ಯ ಪ್ರಶ್ನೆ. ಬೇರೆಡೆ ಈಗಾಗಲೇ ಆಗಿರುವುದನ್ನು ಮತ್ತೆ ಮಾಡುವುದು ದಂಡ. ನಿಮ್ಮಲ್ಲಿ ಮಾತ್ರ ಇರುವ, ಪುಟದ ಮೂಲೆಯನ್ನು ಮಡಿಸಿದರೆ ಮುರಿಯುವಷ್ಟು ಶಿಥಿಲವಾದ, ಹಕ್ಕುಸ್ವಾಮ್ಯ ಮುಗಿದ ಗ್ರಂಥಗಳಿಗೆ ಆದ್ಯತೆ ಕೊಡಿ. 1957ರ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷಗಳವರೆಗೆ ಹಕ್ಕು ಇರುತ್ತದೆ. ಹಳೆಯ ಕನ್ನಡ ಮುದ್ರಣದಲ್ಲಿ ಒತ್ತಕ್ಷರಗಳು ಬಹಳ ಚಿಕ್ಕವಾದ್ದರಿಂದ ಇಂಚಿಗೆ 400 ಚುಕ್ಕೆಗಳಿಗಿಂತ ಕಡಿಮೆ ಇಡಬೇಡಿ. ಮೂಲಪ್ರತಿಯನ್ನು ಟಿಫ್ ರೂಪದಲ್ಲಿ ಉಳಿಸಿ, ಓದುಗರಿಗೆ ಪಿಡಿಎಫ್ ಕೊಡಿ. ಮೂರು ಪ್ರತಿಗಳಿದ್ದು, ಅವುಗಳಲ್ಲೊಂದು ಬೇರೆ ಊರಿನಲ್ಲಿರಲಿ. ಇಲ್ಲಿ ವಿದ್ಯಾರ್ಥಿಗಳನ್ನು ಕರೆತನ್ನಿ: ಯಂತ್ರ ಓದಿಕೊಟ್ಟ ಪಠ್ಯದ ತಪ್ಪುಗಳನ್ನು ಕನ್ನಡ ವಿಕಿಸೋರ್ಸ್‌ನಲ್ಲಿ ತಿದ್ದುವುದನ್ನು ಕನ್ನಡ ವಿಭಾಗದವರು ಕಿರುಯೋಜನೆಯಾಗಿ ಕೊಡಬಹುದು. ಕರಾವಳಿಯಲ್ಲಿ ಹಳೆಯ ಹಸ್ತಪ್ರತಿಗಳ ತಿಗಳಾರಿ ಲಿಪಿಯ, ಬೆಳಗಾವಿ ಧಾರವಾಡದ ಕಡೆ ಹಳೆಯ ದಾಖಲೆಗಳ ಮೋಡಿ ಲಿಪಿಯ ಕಲಿಕಾ ಶಿಬಿರವನ್ನು ಒಂದು ವಾರ ನಡೆಸಿದರೆ, ಮೂವತ್ತು ಜನರಲ್ಲಿ ಇಬ್ಬರಾದರೂ ಅದಕ್ಕೆ ಅಂಟಿಕೊಳ್ಳುತ್ತಾರೆ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹಕ್ಕೆ ಈ ಶಿಬಿರ ಪ್ರಬಂಧ ಸ್ಪರ್ಧೆಗಿಂತ ಹೆಚ್ಚು ಒಪ್ಪುತ್ತದೆ.

ಸಂಗ್ರಹ ಮತ್ತು ಮಾರ್ಚ್ ತಿಂಗಳ ಗಡಿಬಿಡಿ

ಆಯ್ಕೆಯ ಪಟ್ಟಿ ಡಿಸೆಂಬರ್ ಒಳಗೆ ಸಿದ್ಧವಾಗದಿದ್ದರೆ ಮಾರ್ಚ್‌ನಲ್ಲಿ ಮಾರಾಟಗಾರರ ಪಟ್ಟಿಯೇ ನಿಮ್ಮ ಪಟ್ಟಿಯಾಗುತ್ತದೆ. ಅನುದಾನ ವಾಪಸಾದೀತೆಂಬ ಭಯದಲ್ಲಿ ಕೊಂಡ, ಒಬ್ಬರೂ ತೆರೆಯದ ಹತ್ತು ಹತ್ತು ಪ್ರತಿಗಳ ಸಾಲನ್ನು ನಾನು ಒಂದಕ್ಕಿಂತ ಹೆಚ್ಚು ಕಡೆ ಕಂಡಿದ್ದೇನೆ. ಹಣಕ್ಕೆ ಸಿಗದ ವಸ್ತುಗಳ ಕಡೆಗೂ ಗಮನವಿರಲಿ. ಊರ ಜಾತ್ರೆಯ, ಸಹಕಾರ ಸಂಘದ, ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗಳು, ಅಭಿನಂದನ ಗ್ರಂಥಗಳು, ನಾಲ್ಕು ಸಂಚಿಕೆ ಬಂದು ನಿಂತುಹೋದ ಕಿರುಪತ್ರಿಕೆಗಳು ಯಾವ ಪ್ರಕಾಶಕರ ಪಟ್ಟಿಯಲ್ಲೂ ಇರುವುದಿಲ್ಲ. ಇವನ್ನು ಊರಿಗೆ ಹೋಗಿ ಬರುವ ವಿದ್ಯಾರ್ಥಿಗಳು ತರಬಲ್ಲರು.

ದಾನವಾಗಿ ಬಂದದ್ದನ್ನು ಯಾರಿಂದ, ಎಂದು, ಯಾವ ಊರಿನಿಂದ ಬಂದಿತೆಂದು ಬರೆಯದೆ ಒಳಗಿಡಬೇಡಿ. ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿ 1905ರ ಸುಮಾರಿಗೆ ಮೈಸೂರಿನ ಓರಿಯೆಂಟಲ್ ಗ್ರಂಥಾಲಯಕ್ಕೆ ಬಂದು, ಆರ್. ಶಾಮಶಾಸ್ತ್ರಿಗಳ ಸಂಪಾದನೆಯಲ್ಲಿ 1909ರಲ್ಲಿ ಅಚ್ಚಾಯಿತು. ಅದನ್ನು ತಂದುಕೊಟ್ಟವರನ್ನು ಇಂದಿಗೂ ನಾವು ತಂಜಾವೂರಿನ ಪಂಡಿತರೊಬ್ಬರು ಎಂದಷ್ಟೇ ಕರೆಯುತ್ತಿದ್ದೇವೆ.

ಏಪ್ರಿಲ್‌ನಲ್ಲಿ ಪುಸ್ತಕಗಳ ತಾಳೆ ನೋಡುವ ಕೆಲಸ. ಕೇಂದ್ರದ 2017ರ ಸಾಮಾನ್ಯ ಹಣಕಾಸು ನಿಯಮಗಳು 20,000 ಸಂಪುಟಗಳವರೆಗಿನ ಗ್ರಂಥಾಲಯಕ್ಕೆ ಪ್ರತಿ ವರ್ಷ, 50,000ದವರೆಗೆ ಮೂರು ವರ್ಷಕ್ಕೊಮ್ಮೆ ಪೂರ್ಣ ಪರಿಶೀಲನೆಯನ್ನೂ, ಅದಕ್ಕಿಂತ ದೊಡ್ಡವಕ್ಕೆ ಮಾದರಿ ಪರಿಶೀಲನೆಯನ್ನೂ ಹೇಳುತ್ತವೆ. ಎರವಲು ಹೋದ ಅಥವಾ ಪರಾಮರ್ಶಿಸಿದ ಸಾವಿರ ಸಂಪುಟಗಳಿಗೆ ಐದು ಕಳೆದರೆ ಅದನ್ನು ಸಹಜ ನಷ್ಟವೆಂದು ಒಪ್ಪುತ್ತವೆ. ಈ ನಿಯಮ ಗೊತ್ತಿಲ್ಲದೆ, ಕಳೆದ ಪುಸ್ತಕದ ಬೆಲೆ ಸಂಬಳದಿಂದ ಹೋದೀತೆಂದು ಹೆದರಿ ಕಪಾಟುಗಳಿಗೆ ಬೀಗ ಜಡಿಯುವ ಗ್ರಂಥಪಾಲಕರಿದ್ದಾರೆ. ರಾಜ್ಯದ ವಿಶ್ವವಿದ್ಯಾಲಯದವರು ತಮ್ಮ ಪರಿನಿಯಮಗಳಲ್ಲಿ ಇಂಥದೊಂದು ಅಂಶ ಇದೆಯೇ ಎಂದು ನೋಡಿ, ಇಲ್ಲದಿದ್ದರೆ ಸೇರಿಸಲು ಗ್ರಂಥಾಲಯ ಸಮಿತಿಯ ಮುಂದೆ ಪ್ರಸ್ತಾವ ಇಡಬೇಕು.

ತಾಳೆ ನೋಡುವಾಗ ಪ್ರತಿ ಪುಸ್ತಕವನ್ನೂ ಹೇಗೂ ಕೈಗೆ ತೆಗೆದುಕೊಳ್ಳುವುದರಿಂದ, ಬೆನ್ನು ಕಳಚಿದ್ದು, ಹುಳು ಹಿಡಿದದ್ದು, ಪುಟ ಪುಡಿಯಾಗುತ್ತಿರುವುದು ಎಂದು ಮೂರು ಬಣ್ಣದ ಚೀಟಿಗಳನ್ನು ಆಗಲೇ ಸಿಕ್ಕಿಸಿಬಿಡಿ. ವಾರ್ಷಿಕ ವರದಿಯಲ್ಲಿ ಎಷ್ಟು ಪುಸ್ತಕ ಕೊಂಡಿರೆಂಬುದರ ಪಕ್ಕದಲ್ಲೇ ಈ ಚೀಟಿಗಳ ಲೆಕ್ಕವನ್ನೂ, ತೇವಾಂಶದ ವಹಿಯ ಸಾರವನ್ನೂ, ತಾರಸಿಯಲ್ಲಿ ನೀರು ನಿಂತ ಜಾಗದ ಫೋಟೋವನ್ನೂ ಹಾಕಿ, ಮೇ ಮೊದಲ ವಾರದೊಳಗೆ ಕುಲಸಚಿವರ ಕಚೇರಿಗೆ ತಲುಪಿಸಿ ಸ್ವೀಕೃತಿ ಪಡೆದುಕೊಳ್ಳಿ.