ಕ್ಯಾಂಡಲ್ ಆರಿದ ಮೇಲೆ ನೀರು ಯಾಕೆ ಏರುತ್ತೆ? ನಮ್ಮ ಕ್ಲಾಸಲ್ಲಿ ಮಾಡಿ ನೋಡಿದ್ದು

ತಟ್ಟೆಯಲ್ಲಿ ನೀರು, ಮಧ್ಯದಲ್ಲಿ ಉರಿಯೋ ಕ್ಯಾಂಡಲ್, ಮೇಲೆ ಗಾಜಿನ ಲೋಟ ಬೋರಲು ಹಾಕೋದು. ಈ ಪ್ರಯೋಗ ತುಂಬಾ ಸ್ಕೂಲ್‌ಗಳಲ್ಲಿ ಮಾಡಿಸ್ತಾರೆ. ಕ್ಯಾಂಡಲ್ ಆರುತ್ತೆ, ನೀರು ಲೋಟದೊಳಗೆ ಏರುತ್ತೆ, ಆಮೇಲೆ "ಗಾಳಿಯಲ್ಲಿ ಐದನೇ ಒಂದು ಭಾಗ ಆಕ್ಸಿಜನ್, ಅದು ಖರ್ಚಾಯ್ತು, ಆ ಜಾಗಕ್ಕೆ ನೀರು ಬಂತು" ಅಂತ ನೋಟ್ಸ್ ಬರೆಸಿ ಮುಗಿಸ್ತಾರೆ. ಈ ವಿವರಣೆ ಸರಿಯಿಲ್ಲ. ಸರಿಯಿಲ್ಲ ಅಂತ ನಾನು ಬಾಯಲ್ಲಿ ಹೇಳೋದಿಲ್ಲ, ಮಕ್ಕಳೇ ಮಾಡಿ ನೋಡ್ಲಿ ಅಂತ ಬಿಡ್ತೀನಿ, ಎರಡು ಪೀರಿಯಡ್ ಹೋಗುತ್ತೆ, ಹೋಗ್ಲಿ.

ಮೊದಲು ಎಲ್ಲರಿಗೂ ಗೊತ್ತಿರೋ ಹಾಗೇ ಒಂದು ಕ್ಯಾಂಡಲ್ ಇಟ್ಟು ಮಾಡಿ, ನೀರು ಎಲ್ಲಿವರೆಗೆ ಬಂತು ಅಂತ ಲೋಟದ ಮೇಲೆ ಮಾರ್ಕರಲ್ಲಿ ಗೆರೆ ಹಾಕಿಸ್ತೀನಿ. ಆಮೇಲೆ ಕೇಳ್ತೀನಿ, ಮೂರು ಕ್ಯಾಂಡಲ್ ಇಟ್ರೆ? ಉತ್ತರ ಬೋರ್ಡ್ ಮೇಲೆ ಬಂದ ಮೇಲೇನೇ ಬೆಂಕಿಕಡ್ಡಿ ಗೀರೋದು, ಇದೊಂದು ನಿಯಮ ನಾನು ಬಿಡೋದೇ ಇಲ್ಲ, ಯಾಕಂದ್ರೆ ಮೊದಲೇ ಊಹೆ ಮಾಡಿ ಹೇಳಿದ ಮಗು ಪ್ರಯೋಗ ನೋಡೋ ರೀತಿನೇ ಬೇರೆ. ಹೆಚ್ಚಿನವರು "ಅಷ್ಟೇ ಏರುತ್ತೆ ಮಿಸ್, ಲೋಟದಲ್ಲಿರೋ ಆಕ್ಸಿಜನ್ ಅಷ್ಟೇ ಅಲ್ವಾ" ಅಂತಾರೆ. ಒಳ್ಳೆ ತರ್ಕ. ಆದ್ರೆ ಮೂರು ಕ್ಯಾಂಡಲ್‌ಗೆ ನೀರು ಗೆರೆ ದಾಟಿ ಮೇಲೆ ಹೋಗುತ್ತೆ. ಕ್ಲಾಸ್ ಪೂರ್ತಿ ಗಲಾಟೆ.

ಆಗ ಇನ್ನೊಮ್ಮೆ ಮಾಡಿ ಅಂತೀನಿ, ಈ ಸಲ ನೀರಿಗೆ ಎರಡು ಹನಿ ಸೋಪು ಹಾಕಿ, ಲೋಟದ ಅಂಚನ್ನೇ ನೋಡ್ತಾ ಇರಿ. ಲೋಟ ಮುಚ್ಚಿದ ತಕ್ಷಣ ಅಂಚಿನಿಂದ ಗುಳ್ಳೆ ಹೊರಗೆ ಬರುತ್ತೆ! ಒಳಗಿನ ಗಾಳಿ ಬಿಸಿಯಾಗಿ ಹಿಗ್ಗಿ ಹೊರಗೆ ಹೋಗ್ತಾ ಇದೆ. ಇನ್ನೊಂದು ವಿಷಯ, ಕ್ಯಾಂಡಲ್ ಉರೀತಿರುವಾಗ ನೀರು ಹೆಚ್ಚು ಏರೋದಿಲ್ಲ, ಆರಿದ ಮೇಲೇನೇ ಸರ್ರಂತ ಏರೋದು. ಆಕ್ಸಿಜನ್ ಖರ್ಚಾಗೋದೇ ಕಾರಣ ಆಗಿದ್ರೆ ಉರಿಯೋವಾಗ್ಲೇ ಸ್ವಲ್ಪ ಸ್ವಲ್ಪ ಏರ್ತಾ ಬರಬೇಕಿತ್ತು.

ಕೊನೆಗೆ ಬೆಂಕಿನೇ ಇಲ್ಲದ ಪ್ರಯೋಗ, ನನಗೆ ತುಂಬಾ ಇಷ್ಟವಾದದ್ದು. ಸ್ಟೀಲ್ ಲೋಟಕ್ಕೆ ಚೆನ್ನಾಗಿ ಕಾದ ನೀರು ಹಾಕಿ ಒಂದು ನಿಮಿಷ ಬಿಟ್ಟು ಚೆಲ್ಲಿ, ತಕ್ಷಣ ತಣ್ಣೀರಿನ ತಟ್ಟೆಯಲ್ಲಿ ಬೋರಲು ಹಾಕಿ, ಸ್ವಲ್ಪ ಹೊತ್ತಾದ ಮೇಲೆ ಲೋಟದ ಕೆಳಗೆ ರಟ್ಟು ತೂರಿಸಿ ಹಿಡಿದು ತಿರುಗಿಸಿ ನೋಡಿದ್ರೆ ಒಳಗೆ ನೀರು! ಏನೂ ಉರಿದಿಲ್ಲ, ಆಕ್ಸಿಜನ್ ಎಲ್ಲೂ ಹೋಗಿಲ್ಲ. ಒಳಗಿನ ಗಾಳಿ, ಹಬೆ ತಣ್ಣಗಾಗಿ ಒತ್ತಡ ಕಮ್ಮಿ ಆಯ್ತು, ಹೊರಗಿನ ಗಾಳಿ ನೀರನ್ನ ಒಳಗೆ ತಳ್ತು. "ಲೋಟ ನೀರನ್ನ ಎಳ್ಕೊಳ್ತು" ಅನ್ನೋ ಮಕ್ಕಳಿಗೆ ಇಲ್ಲೇ ಹೇಳ್ತೀನಿ, ಎಳೆಯೋದಲ್ಲ, ತಳ್ಳೋದು, ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿ ಭಾರದಷ್ಟು ಒತ್ತಡ ಹೊರಗಡೆ ಇದ್ದೇ ಇದೆ.

ಹಾಗಂತ ಆಕ್ಸಿಜನ್ ಪಾತ್ರ ಪೂರ್ತಿ ಸೊನ್ನೆ ಅಂತಲ್ಲ. ಮೇಣ ಉರಿದಾಗ ಖರ್ಚಾದ ಆಕ್ಸಿಜನ್‌ಗೆ ಬದಲಾಗಿ ಕಾರ್ಬನ್ ಡೈಆಕ್ಸೈಡ್ ಬರುತ್ತೆ, ಲೆಕ್ಕ ಹಾಕಿದ್ರೆ ಸುಮಾರು 38 ಭಾಗ ಆಕ್ಸಿಜನ್‌ಗೆ 25 ಭಾಗ. ಜೊತೆಗೆ ನೀರಾವಿನೂ ಬರುತ್ತೆ, ತಣ್ಣಗಾದಾಗ ಅದು ನೀರಾಗಿಬಿಡುತ್ತೆ. ಅಂದ್ರೆ ಗಾಳಿಯಲ್ಲಿರೋ 21 ಪರ್ಸೆಂಟ್ ಆಕ್ಸಿಜನ್ ಪೂರ್ತಿ ಉರಿದ್ರೂ ಕಮ್ಮಿ ಆಗೋದು 7 ಪರ್ಸೆಂಟ್ ಆಸುಪಾಸು, ಮತ್ತೆ ಕ್ಯಾಂಡಲ್ ಎಲ್ಲಾ ಆಕ್ಸಿಜನ್ ಮುಗಿಸೋದೂ ಇಲ್ಲ, ಅದಕ್ಕೆ ಮುಂಚೇನೇ ಆರುತ್ತೆ. ಈ ಲೆಕ್ಕ ಹತ್ತನೇ ಕ್ಲಾಸಿನವರಿಗೆ ಮಾತ್ರ ಮಾಡಿಸ್ತೀನಿ, ಎಂಟನೇ ಕ್ಲಾಸಿಗೆ ಗುಳ್ಳೆ ಮತ್ತು ಬಿಸಿ ಲೋಟ ಸಾಕು.

ನೀವು ಮಾಡೋದಾದ್ರೆ ಬರ್ತ್‌ಡೇ ಕ್ಯಾಂಡಲ್ ತಗೊಳ್ಳಿ, ಕರಗಿದ ಮೇಣದಲ್ಲೇ ತಟ್ಟೆಗೆ ಅಂಟಿಸಿ, ಉಪ್ಪಿನಕಾಯಿ ಬಾಟ್ಲಿ ತರದ ದಪ್ಪ, ಅಗಲ ಬಾಯಿಯ ಬಾಟ್ಲಿ ಆದ್ರೆ ಮೂರೂ ಹಿಡಿಯುತ್ತೆ. ಒಂದು ಸಲ ಆದ್ಮೇಲೆ ಬಾಟ್ಲಿ ಪೂರ್ತಿ ತಣ್ಣಗಾಗಿ, ಒಳಗಿನ ಗಾಳಿ ಬದಲಾಗೋವರೆಗೆ ಮತ್ತೆ ಮುಚ್ಚಬೇಡಿ, ಇಲ್ಲಾಂದ್ರೆ ಎರಡು ಗೆರೆ ಹೋಲಿಸೋಕೆ ಅರ್ಥ ಇರಲ್ಲ. ಮುಚ್ಚೋ ವೇಗನೂ ಪ್ರತಿಸಲ ಒಂದೇ ಇರ್ಲಿ. ನಿಧಾನವಾಗಿ ಇಳಿಸಿದ್ರೆ ಒಂದೇ ಕ್ಯಾಂಡಲ್‌ಗೂ ನೀರು ಜಾಸ್ತಿ ಏರುತ್ತೆ, ಯಾಕೆ ಅಂತ ಮಕ್ಕಳನ್ನೇ ಕೇಳಿ, ಗುಳ್ಳೆ ನೋಡಿದವರು ಹೇಳ್ತಾರೆ.