ಈ ವಾಸನೆ ಯಾರದು?

ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾ ಬೆಳೆದ ತಟ್ಟೆಯ ಮುಚ್ಚಳ ಒಂಚೂರು ಸರಿಸಿದರೆ ಸಾಕು, ಮಳೆಗೆ ನೆನೆದ ಮಣ್ಣಿನ ವಾಸನೆ ಬರುತ್ತದೆ. ಆ ವಾಸನೆ ಕೊಡುವ ವಸ್ತುವೇ ಜಿಯೋಸ್ಮಿನ್. 1965ರಲ್ಲಿ ಗರ್ಬರ್ ಮತ್ತು ಲೆಶೆವಾಲಿಯೇ ಅದಕ್ಕೆ ಹೆಸರಿಟ್ಟರು. (ಬೂಷ್ಟಿನ ತಟ್ಟೆಯನ್ನು ಮಾತ್ರ ಹೀಗೆ ಮೂಸಬೇಡಿ, ಬೀಜಕಣಗಳು ನೇರ ಮೂಗಿಗೇ ಹೋಗುತ್ತವೆ.)

ಲೀಟರ್ ನೀರಿನಲ್ಲಿ ಕೆಲವೇ ನ್ಯಾನೋಗ್ರಾಂ ಇದ್ದರೂ ಮೂಗು ಅದನ್ನು ಹಿಡಿಯುತ್ತದೆ. ಆದರೆ ನನ್ನ ಜಿಸಿ-ಎಂಎಸ್ (ವಸ್ತುಗಳನ್ನು ಬೇರ್ಪಡಿಸಿ, ಅವುಗಳ ಚೂರುಗಳ ತೂಕದಿಂದ ಗುರುತಿಸುವ ಯಂತ್ರ) ಓಟದಲ್ಲಿ ಮೊದಲು ಕಂಡದ್ದು ಬರೀ ಸಿಲಾಕ್ಸೇನ್, ಅಂದರೆ ಸಿಲಿಕೋನ್ ಬಗೆಯ ವಸ್ತುಗಳ ಪೀಕ್‌ಗಳು: ಚೂರುಗಳ ತೂಕ 73, 207, 281. ಇದು ವಾಸನೆ ಹೀರುವ ಫೈಬರ್, ಸೂಜಿ ಚುಚ್ಚುವ ಸೆಪ್ಟಮ್, ವಸ್ತುಗಳನ್ನು ಬೇರ್ಪಡಿಸುವ ಕಾಲಮ್ ಇವುಗಳದೇ ಕಸ. ಆಮೇಲೆ ಜಿಯೋಸ್ಮಿನ್‌ನ ಗುರುತಾದ 112ರ ಅಯಾನ್ ಒಂದನ್ನೇ ಆರಿಸಿ ನೋಡಿದೆ. ದೊಡ್ಡ ಪೀಕ್ ಒಂದರ ಬುಡದಲ್ಲಿ ಜಿಯೋಸ್ಮಿನ್ ಸುಮ್ನೆ ಕೂತಿತ್ತು.

ನಿಜವಾಗಿ ಎಡವಿದ್ದು ಪೆನಿಸಿಲಿಯಂ ಎಂಬ ಬೂಷ್ಟಿನ ಹತ್ತಿರ. ಪ್ಲಾಸ್ಟಿಕ್ ತಟ್ಟೆಯಲ್ಲಿ ಬೆಳೆಸಿ, ಅದು ಬೆಳೆದ ಜೆಲ್ಲಿಯಂಥ ಅಗರ್ ಸಮೇತ ಒಂದು ತುಂಡು ಕತ್ತರಿಸಿ ಗಾಜಿನ ವಯಲ್‌ಗೆ ಹಾಕಿ, ಮೇಲಿನ ಗಾಳಿಯಲ್ಲಿ ಫೈಬರ್ ಅರ್ಧ ಗಂಟೆ ಇಟ್ಟೆ. 104ರ ದೊಡ್ಡ ಪೀಕ್ ಬಂತು. ಯಂತ್ರದ ಲೈಬ್ರರಿ (ಗೊತ್ತಿರುವ ವಸ್ತುಗಳ ಸ್ಪೆಕ್ಟ್ರಮ್‌ಗಳ ಸಂಗ್ರಹ) ‘ಸ್ಟೈರೀನ್’ ಅಂದಿತು. ಕೆಲವು ಪೆನಿಸಿಲಿಯಂಗಳು ಸಿನ್ನಮಿಕ್ ಆಮ್ಲದಿಂದ ಸ್ಟೈರೀನ್ ಮಾಡುವುದು ಗೊತ್ತೇ ಇತ್ತು. ಕಥೆ ಎಷ್ಟು ಚೆನ್ನಾಗಿ ಕೂಡಿಬಂತು ಅಂದರೆ, ಬ್ಲ್ಯಾಂಕ್ (ಜೀವಿಯಿಲ್ಲದ ಹೋಲಿಕೆ ಮಾದರಿ) ಓಡಿಸಲು ಎರಡು ದಿನ ಮನಸ್ಸೇ ಬರಲಿಲ್ಲ.

ಕೊನೆಗೆ ಏನೂ ಬೆಳೆಸದ ತಟ್ಟೆಯ ಅಗರ್ ಹಾಕಿದೆ. ಅದೇ ಪೀಕ್, ಹೆಚ್ಚುಕಮ್ಮಿ ಅಷ್ಟೇ ಎತ್ತರ. ತಟ್ಟೆಯೇ ಪಾಲಿಸ್ಟೈರೀನ್, ಸ್ಟೈರೀನ್‌ನಿಂದಲೇ ಮಾಡಿದ ಪ್ಲಾಸ್ಟಿಕ್ ಅಲ್ವಾ!

ಆಗಿನಿಂದ ಬೆಳೆಸುವುದೂ ವಯಲ್‌ನಲ್ಲೇ. 20 ಮಿಲಿ ವಯಲ್‌ಗೆ 5 ಮಿಲಿ ಅಗರ್ ಓರೆಯಾಗಿ ಹಾಕುತ್ತೇನೆ. ಬೆಳೆಯುವಾಗ ಮುಚ್ಚಳ ಸಡಿಲ ಇರಬೇಕು, ಇಲ್ಲದಿದ್ದರೆ ಗಾಳಿ ಸಾಲದೆ ಜೀವಿಯ ವಾಸನೆಯೇ ಬೇರೆಯಾಗುತ್ತದೆ. ಅಳೆಯುವ ಮುಂಚೆ ಮಾತ್ರ ಬಿಗಿ ಮಾಡುತ್ತೇನೆ.

ಸ್ಟೈರೀನ್ ಹೋಯಿತು. ಜೊತೆಗೆ ನಾನು ಎದುರು ನೋಡದ ಇನ್ನೊಂದು ಪೀಕ್ ಕೂಡ ಕುಗ್ಗಿತು: 1-ಆಕ್ಟೀನ್-3-ಆಲ್, ಅಣಬೆಯ ವಾಸನೆಯ ಆಲ್ಕೋಹಾಲ್. ಯೋಚಿಸಿದರೆ ಸರಿಯೇ. ಶಿಲೀಂಧ್ರದ ಎಳೆ ತುಂಡಾದಾಗ ಅದರ ಕಿಣ್ವಗಳು ಲಿನೋಲಿಯಿಕ್ ಆಮ್ಲವನ್ನು ಒಡೆದು ಇದನ್ನು ಜಾಸ್ತಿ ಮಾಡುತ್ತವೆ. ನಾನು ಅಗರ್ ಕತ್ತರಿಸುತ್ತಿದ್ದೆನಲ್ಲ! ಅಷ್ಟು ದಿನ ಅಳೆದದ್ದರಲ್ಲಿ ನನ್ನ ಚಾಕುವಿನ ಪಾಲೂ ಇತ್ತು. ನಂಬಿಕೆಗಾಗಿ ಒಂದು ವಯಲ್‌ನೊಳಗೆ ಸೂಜಿಯಿಂದ ಬೂಷ್ಟನ್ನು ಕೆದಕಿ ಮತ್ತೆ ಓಡಿಸಿದೆ. ಪೀಕ್ ಮತ್ತೆ ಎದ್ದಿತು.

ಈಗ ಪ್ರತಿ ಸಲ ಮೂರು ಬ್ಲ್ಯಾಂಕ್: ಬರೀ ಫೈಬರ್, ಖಾಲಿ ವಯಲ್, ಬರೀ ಅಗರ್. ಅಗರ್‌ನದು ಬೂಷ್ಟಿನ ಜೊತೆಗೇ ಅಷ್ಟೇ ದಿನ ಇನ್‌ಕ್ಯುಬೇಟರ್‌ನಲ್ಲಿ ಇರಬೇಕು. ಆಲ್ಕೇನ್‌ಗಳನ್ನು ಓಡಿಸಿ, ಅವುಗಳಿಗೆ ಹೋಲಿಸಿ ಪ್ರತಿ ವಸ್ತು ಕಾಲಮ್‌ನಿಂದ ಹೊರಬರುವ ಹೊತ್ತಿನ ಅಳತೆ (ರಿಟೆನ್ಶನ್ ಇಂಡೆಕ್ಸ್) ಹಾಕುತ್ತೇನೆ, ಸಿಕ್ಕಿದರೆ ಶುದ್ಧ ವಸ್ತುವನ್ನೂ ಓಡಿಸಿ ತಾಳೆ ನೋಡುತ್ತೇನೆ. ಸೆಸ್ಕ್ವಿಟರ್ಪೀನ್‌ಗಳಲ್ಲಂತೂ (15 ಇಂಗಾಲದ, ಬಹುಪಾಲು 204 ಅಣುತೂಕದ ವಸ್ತುಗಳು) ಲೈಬ್ರರಿಯನ್ನು ನಂಬುವ ಹಾಗೇ ಇಲ್ಲ, ಒಂದರ ಸ್ಪೆಕ್ಟ್ರಮ್ ಇನ್ನೊಂದರ ಹಾಗೇ ಇರುತ್ತದೆ. ಅದೇ ಪೆನಿಸಿಲಿಯಂನ ಅಂಥ ಪೀಕ್ ಒಂದಿದೆ. ಲೈಬ್ರರಿ ಐದು ಹೆಸರು ಕೊಟ್ಟಿದೆ. ನನ್ನ ಪುಸ್ತಕದಲ್ಲಿ ಅದು ಇನ್ನೂ ‘ಸೆಸ್ಕ್ವಿಟರ್ಪೀನ್, 204’ ಅಷ್ಟೇ.